ಮೇವು ಆರಿಸುವಾಗ ಪೌಷ್ಟಿಕತೆಗೇ ಮೊದಲ ಮಣೆಯೇ?

ಪರ

ಕರು ಹಾಕಿದ ಹಸುವಿನ ಮೊದಲ ಎರಡು ತಿಂಗಳನ್ನು ಗಮನಿಸಿ. ಆರರಿಂದ ಎಂಟನೇ ವಾರದ ಹೊತ್ತಿಗೆ ಹಾಲು ಗರಿಷ್ಠ ಮಟ್ಟಕ್ಕೆ ಏರುತ್ತದೆ. ಮೇಯುವ ಶಕ್ತಿ ಮಾತ್ರ ಅಷ್ಟು ಬೇಗ ಕುದುರುವುದಿಲ್ಲ. ತಿಂದದ್ದು ಸಾಲದೆ ಹಸು ಮೈಯ ಕೊಬ್ಬನ್ನೇ ಕರಗಿಸಿ ಹಾಲು ಕೊಡುತ್ತದೆ. ಪಕ್ಕೆಲುಬು ಎದ್ದು ಕಾಣುತ್ತವೆ, ಬೆನ್ನುಮೂಳೆ ಕೈಗೆ ಸಿಗುತ್ತದೆ. ಇಂಥ ಹೊತ್ತಿನಲ್ಲಿ ಹಿಂಡಿ ಕಡಿಮೆ ಮಾಡಿದರೆ ಅಂದಿನ ಖರ್ಚೇನೋ ಇಳಿದೀತು, ಆದರೆ ಹಸು ಬೆದೆಗೆ ಬರುವುದು ತಡವಾಗುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟೂ ದಿನ ಮೇವು ಹಾಕಲೇಬೇಕಲ್ಲ!

ಇನ್ನು ಬರೀ ಒಣಹುಲ್ಲಿನ ಮಾತು. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಇರುವುದು ಶೇ. 3–4ರ ಆಸುಪಾಸು. ದನದ ಹೊಟ್ಟೆಯಲ್ಲಿ ನಾರನ್ನು ಜೀರ್ಣಿಸುವುದು ಸೂಕ್ಷ್ಮಜೀವಿಗಳು; ಮೇವಿನ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಅವುಗಳಿಗೇ ಉಪವಾಸ. ಹುಲ್ಲು ಕರಗದೆ ಒಳಗೇ ಉಳಿಯುತ್ತದೆ, ಹೊಟ್ಟೆ ತುಂಬಿದ ಹಸು ಸೊರಗುತ್ತದೆ. ಮೂಕ ಪ್ರಾಣಿಗೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ತೋಚದು.

ವಿರೋಧ

ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತದೆ. ಅಲ್ಲಿ ಲೆಕ್ಕ ತಪ್ಪಿದರೆ ಹಸು ಸಾಕುವುದನ್ನೇ ಬಿಡಬೇಕಾಗುತ್ತದೆ. ಆದ್ದರಿಂದ ದರವೇ ಮೊದಲ ಪ್ರಶ್ನೆ, ಆದರೆ ಚೀಲದ ದರವಲ್ಲ. ಹಸಿರು ಮೇವಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಹಾಗಾಗಿ ನೀರು ಕಳೆದು ಉಳಿಯುವ ಒಣ ಪದಾರ್ಥಕ್ಕೆ ಎಷ್ಟು ಬಿತ್ತು, ಅದರೊಳಗಿನ ಒಂದು ಕಿಲೋ ಪ್ರೋಟೀನಿಗೆ ಎಷ್ಟಾಯಿತು ಎಂದು ನೋಡಬೇಕು. ಆಗ ದುಬಾರಿ ಎನಿಸಿದ ಹಿಂಡಿಯೇ ಬೂಸಾಕ್ಕಿಂತ ಅಗ್ಗವಾಗಿರಬಹುದು.

ಅತಿಯಾಗಿ ಕೊಟ್ಟರೂ ನಷ್ಟವೇ. ಹೆಚ್ಚಾದ ಪ್ರೋಟೀನ್ ಯೂರಿಯಾ ಆಗಿ ಗಂಜಲದಲ್ಲಿ ಹೋಗುತ್ತದೆ. ಕಾಳು ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಏರಿ ಸಗಣಿ ನೀರಾಗುತ್ತದೆ, ಹಾಲಿನ ಕೊಬ್ಬಿನಂಶ ಇಳಿಯುತ್ತದೆ. ಸಗಣಿಯನ್ನು ಕೋಲಿನಿಂದ ಕೆದಕಿ ನೋಡಿ: ಮೆಕ್ಕೆಜೋಳದ ಕಾಳು ಇಡಿಯಾಗಿಯೇ ಬಿದ್ದಿದ್ದರೆ, ಮೊದಲು ಆಗಬೇಕಾದದ್ದು ಕಾಳನ್ನು ನುಚ್ಚು ಮಾಡಿಸುವುದು, ಹೊಸ ಚೀಲ ತರುವುದಲ್ಲ.

ಬಡ ಒಣಹುಲ್ಲಿಗೂ ದಾರಿಯಿದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಪ್ರೋಟೀನ್ ಅಂಶವೂ ಏರುತ್ತದೆ, ಜೀರ್ಣವೂ ಸುಲಭ. ಕರಗದೆ ಉಳಿದ ಯೂರಿಯಾ ಹಸುವಿಗೆ ವಿಷ. ಎಳೆ ಕರುಗಳಿಗೆ ಈ ಹುಲ್ಲು ಬೇಡ. ಅಗ್ಗವೆಂದು ಬೂಷ್ಟು ಹಿಡಿದ ಹಿಂಡಿಯನ್ನಂತೂ ಮುಟ್ಟಲೇಬಾರದು. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಹಾಲು ಕೊಡುವ ಹಸುವಿಗೆ ಒಂದು ಕಿಲೋ ಹಿಂಡಿ ಹೆಚ್ಚಿಸಿ ವಾರ, ಹತ್ತು ದಿನ ಹಾಲು ಅಳೆಯಿರಿ. ಹಸು ಸೊರಗಿಲ್ಲ, ಬೆದೆಯೂ ತಪ್ಪಿಲ್ಲ, ಹೆಚ್ಚಿದ ಹಾಲಿನ ದುಡ್ಡು ಮಾತ್ರ ಆ ಕಿಲೋದ ದರ ಮುಟ್ಟುತ್ತಿಲ್ಲ ಎಂದಾದರೆ, ಮೊದಲಿನ ಅಳತೆಯೇ ಸಾಕು.