ರೂಮಿನಲ್ಲಿ ಯಾರು ಕೂರೋದು?

ಕಳೆದ ವಾರ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವಾಗ ಜೊತೆಗೆ ಕೆಲಸ ಮಾಡುವ ಒಬ್ಬರು ಕೇಳಿದರು: "ಸರ್, ಮಗ ಕಾಲು ಮುರ್ಕೊಂಡಿದ್ದಾನೆ. ಕೊಡಗಿನಲ್ಲಿ ರೂಮ್ ಬುಕ್ ಆಗಿದೆ. ಹೋಗೋದಾ, ಬೇಡ್ವಾ?" ಟೇಬಲ್ಲಿನ ಸುತ್ತ ಇದ್ದವರೆಲ್ಲ ಒಟ್ಟಿಗೆ ಉತ್ತರ ಕೊಟ್ಟರು. ಅರ್ಧ ಜನ ಹೋಗಿ ಅಂದರು, ಅರ್ಧ ಜನ ಬೇಡ ಅಂದರು. ನಾನೂ ಬಾಯಿ ಹಾಕಿದೆ. ಆದರೆ ಎರಡು ಚಪಾತಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

2023ರ ದಸರಾ ರಜೆ. ನಾವು ಗೋಕರ್ಣಕ್ಕೆ ಹೊರಟಿದ್ದೆವು. ನಾವು ನಾಲ್ವರು, ಅಮ್ಮ, ರಾಜಾಜಿನಗರದ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಒಟ್ಟು ಒಂಬತ್ತು ಜನ. ಆಗ ರೈಲು ಬುಕ್ಕಿಂಗ್ 120 ದಿನ ಮೊದಲೇ ತೆರೆಯುತ್ತಿತ್ತು. ಅದನ್ನು 60 ದಿನಕ್ಕೆ ಇಳಿಸಿದ್ದು 2024ರ ನವೆಂಬರಿನಲ್ಲಿ. ಹಾಗಾಗಿ ಜೂನಿನಲ್ಲೇ ಬೆಳಿಗ್ಗೆ ಎದ್ದು, ಲ್ಯಾಪ್‌ಟಾಪ್ ಮುಂದೆ ಕೂತು, ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಒಂಬತ್ತು ಥರ್ಡ್ ಎಸಿ ಟಿಕೆಟ್ ಹಿಡಿದಿದ್ದೆ. ಒಂಬತ್ತೂ ಕನ್ಫರ್ಮ್. ದಸರಾ ಸಮಯದಲ್ಲಿ ಕರಾವಳಿ ರೈಲಿಗೆ ಒಂಬತ್ತು ಕನ್ಫರ್ಮ್ ಟಿಕೆಟ್ ಅಂದರೆ ಎಂಥ ಸಂಪತ್ತು ಅಂತ ಬೆಂಗಳೂರಿನವರಿಗೆ ನಾನು ವಿವರಿಸಬೇಕಾಗಿಲ್ಲ. ನಾಲ್ಕು ತಿಂಗಳು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ಓಡಾಡಿದ್ದೆ.

ಹೊರಡಲು ಐದು ದಿನ ಇರುವಾಗ ನಮ್ಮ ಮಗಳು ಪುಟ್ಟಿ ಬಿದ್ದಳು. ಆಗ ಅವಳಿಗೆ ಏಳು ವರ್ಷ. ಗಿರಿನಗರದಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಜಾರುಬಂಡೆಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿದ್ದಳಂತೆ. ಎಡಗೈ ಊರಿ ಬಿದ್ದಿದ್ದಳು. ಅಷ್ಟೇನೂ ಅಳಲಿಲ್ಲ. ಆದರೆ ಮಣಿಕಟ್ಟಿನ ಮೇಲೆ ಕೈ ಸ್ವಲ್ಪ ಬಾಗಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಡಾಕ್ಟರು ಎಕ್ಸ್‌ರೇ ನೋಡಿ "ಗ್ರೀನ್‌ಸ್ಟಿಕ್" ಅಂದರು. ಹಸಿ ಕಡ್ಡಿ ಮುರಿದರೆ ಒಂದು ಬದಿ ಸೀಳುತ್ತದೆ, ಇನ್ನೊಂದು ಬದಿ ಬಾಗಿ ಹಿಡಿದುಕೊಂಡೇ ಇರುತ್ತದಲ್ಲ, ಮಕ್ಕಳ ಮೂಳೆ ಎಷ್ಟೋ ಸಲ ಹಾಗೆ ಮುರಿಯುತ್ತದಂತೆ. ಎಳೆದು ಕೂರಿಸುವಷ್ಟು ಬಾಗಿಲ್ಲ ಅಂತ ಹೇಳಿ ಸ್ಲ್ಯಾಬ್ ಹಾಕಿದರು. ಅಂದರೆ ಕೈ ಸುತ್ತ ಪೂರ್ತಿ ಪ್ಲಾಸ್ಟರ್ ಅಲ್ಲ, ಒಂದು ಬದಿಗೆ ಮಾತ್ರ ಪಟ್ಟಿ, ಮೇಲೆ ಬ್ಯಾಂಡೇಜು. ಮೊದಲ ಎರಡು ಮೂರು ದಿನ ಊತ ಏರುತ್ತದೆ. ಪೂರ್ತಿ ಪ್ಲಾಸ್ಟರ್ ಹಾಕಿಬಿಟ್ಟರೆ ಊತಕ್ಕೆ ಜಾಗ ಇರುವುದಿಲ್ಲ, ರಕ್ತದ ಓಡಾಟ ನಿಲ್ಲಬಹುದು. ಏಳರಿಂದ ಹತ್ತು ದಿನದ ಒಳಗೆ ಇನ್ನೊಂದು ಎಕ್ಸ್‌ರೇ ಬೇಕು, ಯಾಕಂದರೆ ಈ ಮೂಳೆ ಪ್ಲಾಸ್ಟರ್ ಒಳಗೇ ಇನ್ನಷ್ಟು ಬಾಗಬಹುದು ಅಂದರು. ಮನಸ್ಸಿನಲ್ಲೇ ಎಣಿಸಿದೆ. ಏಳನೇ ದಿನ ನಾವು ಗೋಕರ್ಣದಲ್ಲಿ ಇರಬೇಕಿತ್ತು.

ಮನೆಗೆ ಬಂದ ಅರ್ಧ ಗಂಟೆಯಲ್ಲಿ ಸುದ್ದಿ ಎಲ್ಲಾ ಕಡೆ ಮುಟ್ಟಿತ್ತು. ಚಿಕ್ಕಮ್ಮ ಫೋನ್ ಮಾಡಿ ಪುತ್ತೂರು ಕಟ್ಟು (ನಾಟಿ ವೈದ್ಯರು ಮೂಳೆಗೆ ಹಾಕುವ ಕಟ್ಟು) ಹಾಕಿಸಿ ಅಂದರು. ಬೆಂಗಳೂರಿನಲ್ಲಿ ಮೂಳೆ ಮುರಿದವರ ಮನೆಗೆ ಮೊದಲು ಬರುವ ಸಲಹೆ ಇದೇ ಅಲ್ವಾ. ಪಕ್ಕದ ಮನೆಯವರು, "ದೃಷ್ಟಿ ಆಗಿದೆ, ಅಷ್ಟು ಟಿಕೆಟ್ ಬಗ್ಗೆ ಎಲ್ಲರ ಹತ್ರ ಹೇಳ್ಕೊಂಡ್ರೆ ಇನ್ನೇನಾಗತ್ತೆ" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಳೆಯನೊಬ್ಬ ಗೋವಾಕ್ಕೆ ವಿಮಾನ ಹಿಡಿ, ಅಲ್ಲಿಂದ ಕಾರು ಮಾಡು, ಸಲೀಸು ಅಂದ. ಹೊಸ ಪ್ಲಾಸ್ಟರ್ ಇದ್ದರೆ ವಿಮಾನದವರು ಸುಮ್ನೆ ಹತ್ತಿಸಿಕೊಳ್ಳುವುದಿಲ್ಲ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ಗಂಟೆಗಿಂತ ಕಡಿಮೆ ಹಾರಾಟಕ್ಕೆ 24 ಗಂಟೆ, ಅದಕ್ಕಿಂತ ಜಾಸ್ತಿ ಇದ್ದರೆ 48 ಗಂಟೆ ಕಾಯಿರಿ ಅನ್ನುವುದು ಹೆಚ್ಚಿನ ವಿಮಾನ ಕಂಪನಿಗಳ ನಿಯಮ. ಪ್ಲಾಸ್ಟರ್ ಒಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಹೋದಾಗ ಹಿಗ್ಗುತ್ತದಂತೆ. ಈ ಪೋಸ್ಟಿನಿಂದ ಯಾರಿಗಾದರೂ ಇದೊಂದು ಉಪಯೋಗ ಆದರೂ ಆಗಲಿ.

ಅಮ್ಮ ಮಾತ್ರ ಏನೂ ಹೇಳಲಿಲ್ಲ. ಮಹಾಬಲೇಶ್ವರನಿಗೆ ಹರಕೆ ಹೊತ್ತು ಹನ್ನೊಂದು ವರ್ಷ ಆಗಿತ್ತು. "ಮಗು ಮುಖ್ಯ ಕಣೋ" ಅಂದು ಒಳಗೆ ಹೋದರು. ಆಮೇಲೆ ದೇವರ ಮನೆಯಲ್ಲಿ ಹರಕೆಯ ಗಂಟು ಬಿಚ್ಚಿ ನಾಣ್ಯ ಎಣಿಸಿ ಮತ್ತೆ ಕಟ್ಟಿದ ಸದ್ದು ಕೇಳಿಸಿತು. ಹೇಳಿದ್ದರೇ ವಾಸಿಯಿತ್ತು.

ಆ ರಾತ್ರಿ ನಾನು ಮಾಡಿದ್ದು ದುಡ್ಡಿನ ಲೆಕ್ಕ. ಮಗು ಪಕ್ಕದಲ್ಲಿ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದೆ, ಅಪ್ಪ ಮೊಬೈಲಿನಲ್ಲಿ ಕ್ಯಾನ್ಸಲ್ ಚಾರ್ಜ್ ನೋಡುತ್ತಿದ್ದಾನೆ. ನಾಚಿಕೆ ಆಗುತ್ತದೆ, ಆದರೂ ನಿಜ ಹೇಳಿಬಿಡ್ತೀನಿ. ಆಗಿನ ನಿಯಮದ ಪ್ರಕಾರ 48 ಗಂಟೆ ಮೊದಲೇ ರದ್ದು ಮಾಡಿದರೆ ಥರ್ಡ್ ಎಸಿಗೆ ತಲಾ 180 ರೂಪಾಯಿ, ಜೊತೆಗೆ ತೆರಿಗೆ. ಒಂಬತ್ತು ಜನಕ್ಕೆ 1,620. ಹೋಂಸ್ಟೇಗೆ ಕೊಟ್ಟ ಮುಂಗಡ 8,000 ವಾಪಸ್ ಬರುವುದಿಲ್ಲ. ಎಲ್ಲಾ ಸೇರಿ ಹತ್ತು ಸಾವಿರದ ಒಳಗೇ. ನಾನೋ, ಐವತ್ತು ಸಾವಿರ ಮುಳುಗಿತು ಅನ್ನುವ ಮುಖ ಹೊತ್ತು ಕೂತಿದ್ದೆ. ಕಾಗದದ ಮೇಲೆ ಬರೆದ ಮೇಲೆ ಗೊತ್ತಾಯಿತು, ನನಗೆ ದುಡ್ಡಿಗಿಂತ ಹೆಚ್ಚು ಉರಿಯುತ್ತಿದ್ದದ್ದು ಆ ಒಂಬತ್ತು ಕನ್ಫರ್ಮ್ ಟಿಕೆಟ್.

ಮರುದಿನ ಡಾಕ್ಟರಿಗೆ ನೇರವಾಗಿ ಕೇಳಿದೆ. ಅವರು ಒಳ್ಳೆಯವರು, ಗದರಲಿಲ್ಲ. "ಹೊರಡೋ ದಿನ ಬೆಳಿಗ್ಗೆ ಕರ್ಕೊಂಡು ಬನ್ನಿ. ಊತ ಇಳಿದಿದ್ರೆ, ಎಕ್ಸ್‌ರೇ ಸರಿ ಇದ್ರೆ ಪೂರ್ತಿ ಫೈಬರ್ ಪ್ಲಾಸ್ಟರ್ ಹಾಕ್ತೀನಿ. ಹತ್ತನೇ ದಿನ ಮತ್ತೆ ಬನ್ನಿ. ಹೋಗಬಹುದು. ಆದ್ರೆ ನೀರು, ಮರಳು, ಓಟ ಮೂರೂ ಬೇಡ" ಅಂದರು. ಫೈಬರ್ ಪ್ಲಾಸ್ಟರಿನ ಹೊರಮೈಗೆ ನೀರು ಬಿದ್ದರೆ ತೊಂದರೆ ಇಲ್ಲ, ಆದರೆ ಒಳಗಿರುವ ಹತ್ತಿ ಒದ್ದೆಯಾದರೆ ಒಣಗುವುದಿಲ್ಲ, ಚರ್ಮ ಹಾಳಾಗುತ್ತದೆ. ಸರಿ ಸರಿ ಅಂದು ಖುಷಿಯಾಗಿ ಹೊರಗೆ ಬಂದೆ. ಸ್ಕೂಟರ್ ಹತ್ತುವಾಗ ತಲೆಗೆ ಹೋಯಿತು. ಏಳು ವರ್ಷದ ಹುಡುಗಿಗೆ ಗೋಕರ್ಣದಲ್ಲಿ ನೀರು, ಮರಳು, ಓಟ ಮೂರೂ ತೆಗೆದರೆ ಉಳಿಯುವುದು ದೇವಸ್ಥಾನದ ಕ್ಯೂ.

ಇನ್ನೊಂದು ಯೋಚನೆಯೂ ಕಾಡುತ್ತಿತ್ತು. ಬೆಂಗಳೂರಿನಲ್ಲಿ ನಡುರಾತ್ರಿ ಕೈ ನೀಲಿ ಆದರೂ ಹೋಗಲು ಹತ್ತು ಕಡೆ ಇವೆ. ಜಯನಗರದ ಕಡೆ ಮೂಳೆಗೇ ಅಂತ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಆದರೆ ಗೋಕರ್ಣ ಇರುವ ಉತ್ತರ ಕನ್ನಡದ ಜನ ದೊಡ್ಡ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆಯಿಂದ ಕೂಗುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರಲ್ಲ, ಆ ವಿಡಿಯೋ ನೋಡದವರು ಯಾರಿದ್ದಾರೆ? ಆಮೇಲೆ ಆ ಕೂಗು ಇನ್ನೂ ಜೋರಾಯಿತು. ಗೋಕರ್ಣದಿಂದ ಮಣಿಪಾಲಕ್ಕೆ 150 ಕಿಲೋಮೀಟರಿಗೂ ಜಾಸ್ತಿ. ಮುರಿದ ಕೈಗೆ ಮಣಿಪಾಲದವರೆಗೆ ಹೋಗಬೇಕಿಲ್ಲ, ನಿಜ. ಕುಮಟಾದಲ್ಲಿ ಮೂಳೆ ಡಾಕ್ಟರು ಸಿಗುತ್ತಾರೆ, ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಹೋಂಸ್ಟೇ ಆಂಟಿಗೆ ಫೋನ್ ಮಾಡಿ ಎಲ್ಲಾ ವಿಚಾರಿಸಿ ಬರೆದಿಟ್ಟುಕೊಂಡೆ. ನಾವು ಎರಡು ದಿನಕ್ಕೆ ಹೋಗಿಬರುವವರು ಇಷ್ಟು ಹೆದರುತ್ತೇವೆ. ಅಲ್ಲೇ ಇರುವವರು ಹೇಗಿರುತ್ತಾರೋ. ಅದು ಇನ್ನೊಂದು ಪೋಸ್ಟಿನ ವಿಷಯ.

ಹೀಗೆ ಎಲ್ಲಾ ಲೆಕ್ಕ ಮುಗಿಸಿ, ಮಹಾ ಕೆಲಸ ಮಾಡಿದವನ ಥರ ಹೆಂಡತಿಗೆ ಹೇಳಿದೆ: "ಹೋಗೋಣ. ಏನೂ ಆಗಲ್ಲ." ಅವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲೇ ಇಲ್ಲ.

"ಹೋಗೋಣ ರೀ. ಆದ್ರೆ ನೀವೆಲ್ಲ ಸಮುದ್ರಕ್ಕೆ ಇಳಿದಾಗ ಅವಳ ಜೊತೆ ರೂಮಿನಲ್ಲಿ ಯಾರು ಕೂರೋದು? ಈಗಲೇ ಹೇಳ್ಬಿಡಿ."

ನನ್ನ ಹತ್ತಿರ ಉತ್ತರ ಇತ್ತು. ನೀನು, ಅಂತ. ಬಾಯಿಗೆ ಬರಲಿಲ್ಲ ಅಷ್ಟೇ.

ನಾಲ್ಕು ದಿನದಿಂದ ಡಾಕ್ಟರು, ರೈಲ್ವೆ, ಹೋಂಸ್ಟೇ, ಆಸ್ಪತ್ರೆ ಅಂತ ನಾನು ಹಾಕಿದ ಲೆಕ್ಕದ ತಳದಲ್ಲಿ ಒಂದು ವಿಷಯ ಕೇಳದೆಯೇ ತೀರ್ಮಾನ ಆಗಿಹೋಗಿತ್ತು. ನಾವು ಎಂಟು ಜನ ಪ್ರವಾಸ ಮಾಡುತ್ತೇವೆ, ಅವಳು ಗಿರಿನಗರದ ಮನೆಯನ್ನೇ ಗೋಕರ್ಣಕ್ಕೆ ಹೊತ್ತುಕೊಂಡು ಹೋಗಿ ಅಲ್ಲಿ ಮಗು ನೋಡಿಕೊಳ್ಳುತ್ತಾಳೆ. ಡಾಕ್ಟರು ಮೂಳೆಯ ಬಗ್ಗೆ ಹೇಳುತ್ತಾರೆ. ರೂಮಿನಲ್ಲಿ ಯಾರು ಕೂರಬೇಕು ಅಂತ ಚೀಟಿ ಬರೆದು ಕೊಡುವುದಿಲ್ಲ. ನನ್ನನ್ನು ಕೇಳಿದರೆ ಹೋಗೋದಾ ಬೇಡವಾ ಅನ್ನುವ ಪ್ರಶ್ನೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಇದೇ. ಇದಕ್ಕೆ ಹೆಸರು, ಹೊತ್ತು ಸಮೇತ ಉತ್ತರ ಇಲ್ಲದಿದ್ದರೆ, ಡಾಕ್ಟರು ಎಷ್ಟೇ ಧೈರ್ಯ ಹೇಳಲಿ, ಹೋಗಬೇಡಿ.

ಆ ರಾತ್ರಿ ಅಣ್ಣನ ಮನೆಗೆ ಫೋನ್ ಹೋಯಿತು, ಸ್ಪೀಕರ್ ಹಾಕಿ. ಅತ್ತಿಗೆ ತಕ್ಷಣ, "ಅಯ್ಯೋ ಅದಕ್ಕೇನು, ನಾನು ಕೂರ್ತೀನಿ ಬಿಡಿ" ಅಂದರು. ನನ್ನವಳು, "ಅಕ್ಕ, ನೀವು ಸುಮ್ನಿರಿ. ಭಾವ ಹೇಳಲಿ, ಇವರು ಹೇಳಲಿ" ಅಂದಳು. ಆ ಕಡೆ ಅಣ್ಣ ಕೆಮ್ಮಿದ. ಈ ಕಡೆ ನಾನು ಕೆಮ್ಮಿದೆ. ಕೊನೆಗೆ ಮದುವೆ ಆಮಂತ್ರಣದ ಕವರ್ ಹಿಂದೆ ಬರೆದೆವು: ಮೊದಲ ದಿನ ಬೆಳಿಗ್ಗೆ ನಾನು, ಮಧ್ಯಾಹ್ನ ಅಣ್ಣ, ಎರಡನೇ ದಿನ ಬೆಳಿಗ್ಗೆ ಅವಳು, ಸಂಜೆ ಎಲ್ಲರೂ ಒಟ್ಟಿಗೆ. ಮುರುಡೇಶ್ವರ ಕೈಬಿಟ್ಟೆವು. ಅಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಪುಟ್ಟಿಯನ್ನು ಕೊನೆಗೆ ಕೇಳಿದೆವು. ಮೊದಲೇ ಕೇಳಬೇಕಿತ್ತು. ಸಮುದ್ರದ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. "ಮೇಲಿನ ಬರ್ತ್ ನಂದೇ ತಾನೇ?" ಅಂದಳು. ಜೂನಿನಿಂದ ಅವಳು ಕಾಯುತ್ತಿದ್ದದ್ದು ಅದಕ್ಕಂತೆ. ಅದು ಮಾತ್ರ ಆಗಲ್ಲ ಅಂದಾಗ ಬಿದ್ದ ದಿನಕ್ಕಿಂತ ಜಾಸ್ತಿ ಅತ್ತಳು.

ರೈಲಿನಲ್ಲಿ ಕೆಳಗಿನ ಬರ್ತಿನಲ್ಲಿ ಅವಳು, ಎದುರಿಗೆ ನಾನು. ಹೊಸ ಪ್ಲಾಸ್ಟರ್ ಹಾಕಿದ ಮೊದಲ ರಾತ್ರಿ ಬೆರಳು ನೋಡುತ್ತಿರಿ ಅಂದಿದ್ದರು. ಉಗುರು ಒತ್ತಿದರೆ ಬೆಳ್ಳಗಾಗುತ್ತದೆ. ಬಿಟ್ಟ ಮೇಲೆ ಒಂದು, ಎರಡು ಎಣಿಸುವಷ್ಟರಲ್ಲಿ ಮತ್ತೆ ಕೆಂಪಗಾಗಬೇಕು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಔಷಧಿ ಕೊಟ್ಟರೂ ನೋವು ಏರುತ್ತಲೇ ಹೋದರೆ ಬೆಳಗಾಗುವುದನ್ನು ಕಾಯಬಾರದು. ಹಾಸನದಲ್ಲಿ ಒಂದು ಸಲ ಒತ್ತಿ ನೋಡಿದೆ. ಸಕಲೇಶಪುರದಲ್ಲಿ ಇನ್ನೊಂದು ಸಲ. ಆಮೇಲೆ ಘಾಟಿ, ಒಂದರ ಹಿಂದೆ ಒಂದು ಸುರಂಗ, ಒಟ್ಟು 57. ಹೊರಗೂ ಕತ್ತಲೆ, ಒಳಗೂ ಕತ್ತಲೆ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಐದು ಪುಟ್ಟ ಉಗುರು. ಸುಬ್ರಹ್ಮಣ್ಯ ದಾಟುವಷ್ಟರಲ್ಲಿ ಅವಳಿಗೆ ಎಚ್ಚರ ಆಗಿ, "ಅಪ್ಪಾ, ಮಲಗಕ್ಕೆ ಬಿಡು" ಅಂದಳು.

ಮೊದಲ ದಿನ ಬೆಳಿಗ್ಗೆ ಎಲ್ಲರೂ ಟವೆಲ್ ಹೆಗಲಿಗೆ ಹಾಕಿಕೊಂಡು ಕುಡ್ಲೆ ಬೀಚಿಗೆ ಇಳಿದರು. ನಾವಿಬ್ಬರೂ ಉಳಿದೆವು. ಆಂಟಿ ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ ಕೊಟ್ಟರು, ಒಂದೇ ಕೈಯಲ್ಲಿ ತಿನ್ನಲು ಅದಕ್ಕಿಂತ ಒಳ್ಳೇದಿಲ್ಲ. ಚೌಕಾಬಾರ ಆಡಿದೆವು, ನಾಲ್ಕು ಆಟದಲ್ಲಿ ನಾಲ್ಕೂ ಸೋತೆ. ಅಷ್ಟು ಹೊತ್ತಿಗೆ ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಕೆಳಗಿನಿಂದ ಅಲೆ ಸದ್ದು, ನಮ್ಮ ಮನೆ ಮಕ್ಕಳದ್ದೇ ಕೂಗಾಟ ಕೇಳುತ್ತಿತ್ತು. ತುರಿಕೆ ಅಂತ ಪೆನ್ಸಿಲ್ ತೂರಿಸಲು ಹೋದಳು, ಕಿತ್ತುಕೊಂಡೆ. ಒಳಗೆ ಗೀರಿದರೆ ಗಾಯ ಆಗಿ ಕೀವು ತುಂಬಬಹುದು. ಎರಡೂವರೆ ಗಂಟೆಯಲ್ಲಿ ಹನ್ನೆರಡು ಸಲ ಗಡಿಯಾರ ನೋಡಿದ್ದೇನೆ. ನನ್ನವಳು ಇಂಥ ಎಷ್ಟು ಬೆಳಿಗ್ಗೆ ಕಳೆದಿದ್ದಾಳೆ ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟೆ. ಅವಳು ಒದ್ದೆ ಕೂದಲಲ್ಲಿ ನಗುತ್ತಾ ಗುಡ್ಡ ಹತ್ತಿ ಬಂದಳು. ಹಾಗೆ ನಗುವುದನ್ನು ನೋಡಿ ಬಹಳ ದಿನ ಆಗಿತ್ತು.

ಅಮ್ಮನ ಹರಕೆ ತೀರಿತು. ಕ್ಯೂನಲ್ಲಿ ಪುಟ್ಟಿಯ ಕೈ ನೋಡಿ ಯಾರೋ ನಮ್ಮನ್ನು ಮುಂದೆ ಬಿಟ್ಟರು.

ಈಗ ಸಹೋದ್ಯೋಗಿಯ ವಿಷಯಕ್ಕೆ ಬರುತ್ತೇನೆ. ಅವರ ಮಗನಿಗೆ ಹತ್ತು ವರ್ಷ, ಮೂವತ್ತು ಕಿಲೋ, ಮುರಿದಿರುವುದು ಕಾಲು. ಬಾತ್‌ರೂಮಿಗೆ ಎತ್ತಿಕೊಂಡು ಹೋಗಬೇಕು, ಕಾರಿನಲ್ಲಿ ಕಾಲು ಚಾಚಿ ಹಿಂದಿನ ಸೀಟು ಪೂರ್ತಿ ಬೇಕು, ಕೊಡಗಿನ ತಿರುವಿನಲ್ಲಿ ಪ್ರತಿ ಕುಲುಕಿಗೂ ಅವನು ಹಲ್ಲು ಕಚ್ಚಬೇಕು. ನಾನಾಗಿದ್ದರೆ ಹೋಗುತ್ತಿರಲಿಲ್ಲ, ಹಾಗೇ ಹೇಳಿದೆ. ಮೊಣಕೈ ಹತ್ತಿರ ಮುರಿದು ತಂತಿ ಹಾಕಿದ್ದರೂ ನನ್ನ ಉತ್ತರ ಅದೇ. ತಂತಿ ತೆಗೆಯಲು ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಸೋಂಕಿನ ಭಯ. ತಲೆಗೆ ಪೆಟ್ಟು ಬಿದ್ದಿದ್ದರೆ ಟಿಕೆಟ್ ಮಾತೇ ಎತ್ತಬೇಡಿ. ಅವರು ಎಲ್ಲಾ ಕೇಳಿಸಿಕೊಂಡು, "ನಮ್ಮ ಯಜಮಾನ್ರು ಏನೂ ಆಗಲ್ಲ ಅಂತಿದ್ದಾರೆ ಸರ್" ಅಂದರು. ಬಾತ್‌ರೂಮಿಗೆ ಎತ್ತಿಕೊಂಡು ಹೋಗುವುದು ಯಾರು ಅಂತ ಅವರನ್ನೇ ಕೇಳಿ ಅಂದೆ. ಅವರು ಡಬ್ಬಿ ಮುಚ್ಚಿ ಫೋನ್ ಹಿಡಿದು ಹೊರಗೆ ಹೋದರು.

ನಮ್ಮ ಕಥೆಯಲ್ಲಿ ಒಂದು ವಿಷಯ ಬಾಕಿ ಇದೆ. ಎರಡನೇ ದಿನ ಸಂಜೆ ಎಲ್ಲರೂ ಒಟ್ಟಿಗೆ ಓಂ ಬೀಚಿಗೆ ಹೋಗಿದ್ದೆವು, ಸುಮ್ನೆ ನೋಡಲು. ಪುಟ್ಟಿಯ ಕೈಗೆ ಬ್ರೆಡ್ ಕವರ್ ಕಟ್ಟಿ, ಕುರ್ಚಿ ಮೇಲೆ ಕೂರಿಸಿದ್ದೆವು. ಅವಳು ಕೂತೇ ಇದ್ದಳು, ನನ್ನ ಪ್ರಕಾರ.

ನಾಲ್ಕು ವಾರ ಆದ ಮೇಲೆ ಪ್ಲಾಸ್ಟರ್ ಕತ್ತರಿಸಿದರು. ಮೂಳೆ ನೆಟ್ಟಗೆ ಕೂಡಿತ್ತು. ಎರಡು ಹೋಳು ಬಿಡಿಸಿದಾಗ ಒಳಗಿನಿಂದ ಮೇಜಿನ ಮೇಲೆ ಒಂದು ಚಮಚದಷ್ಟು ಮರಳು ಸುರಿಯಿತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಆ ಸಂಜೆ ಕುರ್ಚಿ ಪಕ್ಕ ಅರ್ಧ ಗಂಟೆ ಕೂತಿದ್ದವಳು ಅವಳೇ.