ಸಾರಿನ ಒಗ್ಗರಣೆಯಲ್ಲಿದ್ದ ಗೋಧಿ

"ಒಂಚೂರು ತಿಂದ್ರೆ ಏನಾಗುತ್ತೆ?"

ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲಿ ಹೋದರೂ ಈ ಮಾತು ಕೇಳುತ್ತೇನೆ. ಪ್ರೀತಿಯಿಂದಲೇ ಹೇಳುತ್ತಾರೆ. ಅದಕ್ಕೇ ಉತ್ತರ ಕೊಡೋದು ಕಷ್ಟ. ಇವತ್ತು ಬಿಡಿಸಿ ಬರೆಯುತ್ತೇನೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಮೂರು ವರ್ಷ ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿದೆ. ಹೊಟ್ಟೆ ಉಬ್ಬರ, ಭೇದಿ, ಒಂದು ಮಹಡಿ ಹತ್ತಿದರೆ ಸುಸ್ತು. ಕಬ್ಬಿಣದ ಮಾತ್ರೆ ಎಷ್ಟು ತಿಂದರೂ ಹಿಮೋಗ್ಲೋಬಿನ್ ಎಂಟು ದಾಟಲಿಲ್ಲ. ಕೊನೆಗೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಆದಮೇಲೆ ವಿಷಯ ಗೊತ್ತಾಯಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಒಳಗೆ ಹೋದರೆ ನನ್ನ ದೇಹ ನನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆ ಪದರ ಸವೆದಿದ್ದರೆ ಕಬ್ಬಿಣ ಮೈಗೆ ಹತ್ತೋದು ಹೇಗೆ? ಗ್ಲುಟೆನ್ ಇರುವುದನ್ನೆಲ್ಲಾ ಬಿಡುವುದೊಂದೇ ದಾರಿ, ಜೀವನಪೂರ್ತಿ. (ನಿಮಗೂ ಅನುಮಾನ ಇದ್ದರೆ ಪರೀಕ್ಷೆಗೆ ಮುಂಚೆಯೇ ಗೋಧಿ ಬಿಡಬೇಡಿ. ಬಿಟ್ಟರೆ ರಿಪೋರ್ಟಿನಲ್ಲಿ ಕಾಯಿಲೆ ಕಾಣಿಸದೇ ಹೋಗಬಹುದು.)

ನಾವು ಅನ್ನ ಉಣ್ಣುವವರು, ಚಪಾತಿ ಬಿಟ್ಟರೆ ಆಯಿತು ಅಂದುಕೊಂಡಿದ್ದೆ. ಬೆಂಗಳೂರಲ್ಲಿ ಅಷ್ಟು ಸುಲಭ ಇಲ್ಲ. ದರ್ಶಿನಿಯ ಚೌಚೌ ಬಾತಿನಲ್ಲಿ ಖಾರವೂ ರವೆ, ಸಿಹಿಯೂ ರವೆ. ರವೆ ಇಡ್ಲಿ, ಮದ್ದೂರು ವಡೆ, ಪಫ್ಸ್ ಎಲ್ಲಾ ಹೋಯಿತು. ಒಬ್ಬಟ್ಟು ಹೋಯಿತು. ಆ ಯುಗಾದಿ ದಿನ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಇಷ್ಟೆಲ್ಲಾ ಬಿಟ್ಟು ಎರಡು ತಿಂಗಳಾದರೂ ಹೊಟ್ಟೆ ಸರಿಹೋಗಲಿಲ್ಲ. ಕಾರಣ ಸಿಕ್ಕಿದ್ದು ಒಗ್ಗರಣೆಯಲ್ಲಿ. ಅಂಗಡಿಯ ಹಿಂಗು ಬರೀ ಹಿಂಗಲ್ಲ. ಅದಕ್ಕೆ ಅಂಟು, ಹಿಟ್ಟು ಬೆರೆಸಿರುತ್ತಾರೆ. ನಮ್ಮ ಮನೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತಲೇ ಇತ್ತು. ದಿನಾ ಸಾರು, ಹುಳಿ, ಮಜ್ಜಿಗೆ ಎಲ್ಲದರಲ್ಲೂ ಅದನ್ನೇ ತಿನ್ನುತ್ತಿದ್ದೆ. ರಾಗಿ ಹಿಟ್ಟಿನದೂ ಇದೇ ಕಥೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗಿರಣಿಯಲ್ಲಿ ನನ್ನ ರಾಗಿಗೆ ಮುಂಚೆ ಯಾರದೋ ಗೋಧಿ ಬೀಸಿರುತ್ತಾರಲ್ಲ? ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಹಾಕಬೇಕಾದರೆ ಒಂದು ಕೆ.ಜಿ.ಯಲ್ಲಿ 20 ಮಿಲಿಗ್ರಾಂ ಮೀರಬಾರದು ಅನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ಒಂಚೂರು ಅನ್ನೋದು ಅದಕ್ಕಿಂತ ಎಷ್ಟೋ ಜಾಸ್ತಿ.

ಇದನ್ನು ಮನೆಯಲ್ಲಿ ಮೊದಲು ಅರ್ಥ ಮಾಡಿಕೊಂಡವರು ನಮ್ಮತ್ತೆ. ಎಪ್ಪತ್ತೆರಡು ವರ್ಷ ಅವರಿಗೆ. ಗ್ಲುಟೆನ್ ಅನ್ನೋ ಪದ ಇವತ್ತಿಗೂ ಬಾಯಿಗೆ ಬರುವುದಿಲ್ಲ. ಚಪಾತಿ ಮುಟ್ಟಿದ ಕೈಯಲ್ಲಿ ನನ್ನ ದೋಸೆ ಮುಟ್ಟಬಾರದು, ಕಾವಲಿ ಬೇರೆ ಇರಬೇಕು ಅಂದಾಗ ಒಂದು ಕ್ಷಣ ಯೋಚಿಸಿ, "ಮುಸುರೆ ಇದ್ದ ಹಾಗೆ ಅನ್ನು" ಅಂದರು. ಅಷ್ಟೇ. ಅನ್ನ ಮುಟ್ಟಿದ ಕೈ ತೊಳೆಯದೆ ಹಾಲು, ಮೊಸರು ಮುಟ್ಟದೆ ಬೆಳೆದವರು ಅವರು. ಮಾರನೇ ದಿನವೇ ನನಗೊಂದು ಲಟ್ಟಣಿಗೆ, ಸೌಟು, ಜರಡಿ ಬೇರೆ ಗೂಡಿಗೆ ಹೋದವು. ಓದಿದ ಸ್ನೇಹಿತರಿಗೆ ಅರ್ಧ ಗಂಟೆ ಹೇಳಿದರೂ ತಲೆಗೆ ಹೋಗದ್ದು ಅವರಿಗೆ ಒಂದೇ ಮಾತಿನಲ್ಲಿ ಹೋಯಿತು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತು ಅಂತ ಎಂ.ಟಿ.ಆರ್.ನವರು ಹೇಳುತ್ತಾರೆ. ಅದೇ ಯುದ್ಧದಲ್ಲಿ, 1944-45ರ ಚಳಿಗಾಲ, ನೆದರ್‌ಲ್ಯಾಂಡ್ಸ್‌ನಲ್ಲಿ ಬ್ರೆಡ್ ಸಿಗದೇ ಹೋಯಿತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಗೋಧಿಯ ಮೇಲೆ ಅಲ್ಲಿನ ಮಕ್ಕಳ ವೈದ್ಯ ಡಾಕ್ಟರ್ ಡಿಕೆ ಅವರಿಗೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು. ನಾನಿವತ್ತು ಎದ್ದು ಓಡಾಡುತ್ತಿರುವುದಕ್ಕೆ ಅವರ ಆ ಅನುಮಾನವೂ ಕಾರಣ.

ಹೋಟೆಲಿನಲ್ಲಿ ಹಿಂಗು ಯಾವುದು ಅಂತ ಕೇಳಿದರೆ ಸೊಕ್ಕು ಅನ್ನುವವರಿದ್ದಾರೆ. ದಯವಿಟ್ಟು ಹಾಗನ್ನಬೇಡಿ. ಕೇಳದೆ ತಿಂದರೆ ಮತ್ತೆ ಹಾಸಿಗೆ ಹಿಡಿಯುವವಳು ನಾನು.

ಹೋದ ಗೌರಿ ಹಬ್ಬಕ್ಕೆ ಹನುಮಂತನಗರದ ಗೆಳತಿ ಊಟಕ್ಕೆ ಕರೆದಿದ್ದಳು. ಬೆಳಿಗ್ಗೆ ಏಳಕ್ಕೇ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಹಿಂಗಿನ ಡಬ್ಬಿಯ ಹಿಂಭಾಗ. "ಇದು ನಡೆಯುತ್ತೇನೇ? ಅಕ್ಕಿ ಹಿಟ್ಟು ಅಂತಿದೆ." ನಡೆಯುತ್ತೆ ಅಂದೆ. ಅವತ್ತು ಎಲೆ ಮುಂದೆ ಎಲ್ಲರ ಜೊತೆ ಕೂತೆ. ಮೂರು ಸಲ ಸಾರು ಹಾಕಿಸಿಕೊಂಡೆ.