ಹ್ಯಾಂಡಲ್‌ನ್ಯೂಗೆ ತೊಟ್ಟಿಲು ಕಟ್ಟೋಣ ಬನ್ನಿ

ಪ್ರೋಗ್ರಾಂ ಬರೆಯುವ ನಾವೆಲ್ಲ ಬಳಸುವ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡು, ಇದೆ. ಅದರ ಹೊಸ ವರ್ಷನ್ ಬಂದಿದೆ. ನಿಮ್ಮ ಬಿಲ್ಡ್ ಕೂಡ ಮುರಿದಿರುತ್ತದೆ, ಅಂದರೆ ಕೋಡು ಪ್ರೋಗ್ರಾಮಾಗಿ ಏಳುತ್ತಲೇ ಇಲ್ಲ, ಅಲ್ವಾ? 'ಮೆಥಡ್ ಹೆಸರುಗಳನ್ನು ಇನ್ನಷ್ಟು ಸ್ಪಷ್ಟ ಮಾಡಿದ್ದೇವೆ' ಎಂದಿದ್ದಾರೆ ಲೈಬ್ರರಿ ಬರೆದವರು. ಮೆಥಡ್ ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು. ಮಾಡಿದ್ದಾರೆ, ಸುಳ್ಳಲ್ಲ. ಮೊದಲು 'ಪ್ರೊಸೆಸ್' ಇತ್ತು. ಈಗ 'ಹ್ಯಾಂಡಲ್'. ಅದರ ಪಕ್ಕದಲ್ಲೇ 'ಹ್ಯಾಂಡಲ್‌ನ್ಯೂ'. ಈ ನ್ಯೂ ಹಳೆಯದಾದಾಗ ಏನೆಂದು ಕರೆಯುತ್ತಾರೋ ನೋಡೋದಕ್ಕಾದರೂ ಗಟ್ಟಿಯಾಗಿರಬೇಕು.

ಇದು ಹಿರಿಯರು ಹಾಕಿಕೊಟ್ಟ ದಾರಿ. ವೆಬ್‌ಸೈಟ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ, ಡೇಟಾಬೇಸಿಗೆ ಹೋಗುವ ಅಕ್ಷರಗಳಿಂದ ಅಪಾಯ ಆಗದಂತೆ ನೋಡಿಕೊಳ್ಳಲು 'ಮೈಎಸ್‌ಕ್ಯೂಎಲ್ ಎಸ್ಕೇಪ್ ಸ್ಟ್ರಿಂಗ್' ಇತ್ತು. ಆಮೇಲೆ 'ಮೈಎಸ್‌ಕ್ಯೂಎಲ್ ರಿಯಲ್ ಎಸ್ಕೇಪ್ ಸ್ಟ್ರಿಂಗ್' ಬಂತು. ಹಾಗಾದರೆ ಮೊದಲನೆಯದು ನಾಟಕ ಕಂಪನಿಯದಾ? ರಿಯಲ್ ಅನ್ನೋದು ಡೇಟಾಬೇಸ್ ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬರೆದಿಡುವ ಸಂಕೇತ) ನೋಡಿ ಕೆಲಸ ಮಾಡುತ್ತಿತ್ತು. ಹೆಸರಲ್ಲಿ ಅದರ ಸುಳಿವೂ ಇರಲಿಲ್ಲ. 2015ರ ಪಿಎಚ್‌ಪಿ 7ರಲ್ಲಿ ಎರಡಕ್ಕೂ ಒಟ್ಟಿಗೆ ತಿಥಿ ಆಯಿತು. ಜಾವಾಸ್ಕ್ರಿಪ್ಟ್ ಭಾಷೆಯ 'ಗೆಟ್‌ಇಯರ್' 2014ನೇ ಇಸವಿಗೆ, 1900 ಕಳೆದು, 114 ಎನ್ನುತ್ತದೆ. ಸರಿಯಾಗಿ ಬೇಕಿದ್ದರೆ 'ಗೆಟ್‌ಫುಲ್‌ಇಯರ್' ಕೇಳಬೇಕಂತೆ. ಅರ್ಧ ವರ್ಷ ಯಾರು ಕೇಳಿದ್ದರು ಸ್ವಾಮಿ?

2014 ಅಂದರೆ ನೆನಪಾಯಿತು. ಆ ರಾಜ್ಯೋತ್ಸವಕ್ಕೇ ಬೆಳಗಾಂ ಹೋಗಿ ಬೆಳಗಾವಿ ಆಯಿತು, ಬಿಜಾಪುರ ಹೋಗಿ ವಿಜಯಪುರ ಆಯಿತು. ಸ್ಟೇಷನ್ನಿನ ಬೋರ್ಡು ಬದಲಾಯಿತು, ಕೋಡ್ ಮಾತ್ರ ಹಾಗೇ ಇದೆ. ಬೆಳಗಾವಿ ಬಿಜಿಎಂ, ವಿಜಯಪುರ ಬಿಜೆಪಿ. (ಚಪ್ಪಾಳೆ ಬೇಡ, ಬೈಗುಳವೂ ಬೇಡ. ಅದು ಬಿಜಾಪುರದ ಕಾಲದ್ದು.) ಊರಿನ ಹೆಸರು ಬದಲಾಯಿತೆಂದು ಯಾರ ಟಿಕೆಟ್ಟೂ ರದ್ದಾಗಲಿಲ್ಲ. ರೈಲ್ವೆಯವರನ್ನು ಹೊಗಳುವ ಕಾಲ ಬರುತ್ತದೆ ಅಂದುಕೊಂಡಿರಲಿಲ್ಲ, ಬಂತು. ವಿಮಾನದವರ ಕೋಡ್ ಐಎಕ್ಸ್‌ಜಿಗೂ ಬೆಳಗಾವಿಗೂ ಏನು ಸಂಬಂಧವೋ, ಇರಲಿ, ಅದೂ ನಡೆಯುತ್ತಿದೆ.

ಅದೇ ಬೆಳಗಾವಿಯಲ್ಲಿ, ನಮ್ಮ ಟಿಳಕವಾಡಿಯ ಸಣ್ಣ ಆಫೀಸಿನಲ್ಲಿ ಮಾತ್ರ ನಡೆಯುತ್ತಿಲ್ಲ. ಹೊಸ ಹುಡುಗ ಅದೇ ಲೈಬ್ರರಿಯ ಇನ್ನೊಂದು ಮೆಥಡ್ ತೋರಿಸಿ ಕೇಳಿದ: "ಸರ, ಈ ಎಂಪ್ಟಿ ಅನ್ನೂದು ಖಾಲಿ ಮಾಡತೈತೋ, ಖಾಲಿ ಐತೇನಂತ ನೋಡತೈತೋ?"

ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಸುಮ್ನೆ ನೋಡುತ್ತದೆ, ಖಾಲಿ ಮಾಡುವುದು 'ಕ್ಲಿಯರ್'. ಈ ಲೈಬ್ರರಿಯಲ್ಲಿ? ಡಾಕ್ಯುಮೆಂಟಿನಲ್ಲಿ ಬರೆದಿರುವುದು ಒಂದೇ ಸಾಲು: 'ಎಂಪ್ಟಿ ಮೆಥಡ್.' ಇನ್ನು ಓಡಿಸಿಯೇ ನೋಡಬೇಕು. ಗ್ರಾಹಕರ ಡೇಟಾ ಉಳಿದರೆ ನೋಡುವುದು, ಹೋದರೆ ಖಾಲಿ ಮಾಡುವುದು.

ನಗು ಬರುತ್ತಿಲ್ಲ. ಮುಂದೆ ಒಂದು 'ಈಸ್' ಸೇರಿಸಿ 'ಈಸ್‌ಎಂಪ್ಟಿ' ಅನ್ನೋದಕ್ಕೆ ಏನು ಖರ್ಚಿತ್ತು? ಹಳೇ ಹೆಸರನ್ನು ಎಚ್ಚರಿಕೆ ಹಾಕಿ ಇನ್ನೊಂದು ವರ್ಷನ್ ಉಳಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ಲೈಬ್ರರಿ ಬರೆದವರೇ, ನಿಮಗೆ ಹೆಸರು ಬೇಸರವಾಯಿತು, ಬದಲಿಸಿದಿರಿ, ಮನೆಗೆ ಹೋದಿರಿ. ಆ ಹುಡುಗ ಒಂದೊಂದೇ ಫೈಲು ತೆಗೆದು ನಿಮ್ಮ ಬೇಸರ ತಿದ್ದುತ್ತಾ ಕೂತಿದ್ದಾನೆ. ಇವತ್ತು ಭಾನುವಾರ, ಸಾಹೇಬ್ರೇ.